ಹುದಿಕೇರಿಗೆ ಕುದುರೆ ಬೀಜ ತಂದದ್ದು

ಮೈಸೂರಿನ ಕುದುರೆ ಫಾರಂ ಅಂಗಳದಲ್ಲಿ ಆ ಬೆಳಿಗ್ಗೆ ನಾವು ಮೂವರು ನಿಂತಿದ್ದೆವು: ಅಲ್ಲಿನ ಡಾಕ್ಟರು, ಹುದಿಕೇರಿಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾದ ನಾನು, ನಮ್ಮ ಕುದುರೆ ನೋಡಿಕೊಳ್ಳುವ ಹುಸೇನ್ ಸಾಬರು. ಡಾಕ್ಟರು ಗಂಡುಕುದುರೆಯ ಬೀಜವಿದ್ದ ಗಾಜಿನ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ, ಐಸ್ ತುಂಬಿದ ಅಗಲಬಾಯಿಯ ಫ್ಲಾಸ್ಕಿಗೆ ಇಳಿಸಿದರು. ಕೊಳವೆಯ ಕತ್ತಿಗೆ ಕಟ್ಟಿದ ಚೀಟಿಯಲ್ಲಿ ಕುದುರೆಯ ಹೆಸರು, ಬೀಜ ತೆಗೆದ ಹೊತ್ತು.

"ಸಂಜೆಯೊಳಗೆ ಹಾಕಿಸಿಬಿಡಿ. ಬಿಸಿಲು ತಾಗಬಾರದು, ದಾರಿಯಲ್ಲಿ ಮುಚ್ಚಳ ತೆಗೆಯಲೇಬಾರದು" ಎಂದರು.

ನಮ್ಮ ಹೆಣ್ಣುಕುದುರೆ ಚಾಂದನಿ ಎರಡು ವರ್ಷದಿಂದ ಗಬ್ಬ ಕಟ್ಟಿರಲಿಲ್ಲ. ಈ ಸಲವೂ ಕಟ್ಟದಿದ್ದರೆ ಮಾರುವುದೇ ಎಂದು ಧಣಿ ಹೇಳಿಯಾಗಿತ್ತು. ಅದನ್ನು ಮರಿಯಿಂದ ಸಾಕಿದ ಸಾಬರು ಆವತ್ತಿನಿಂದ ಸರಿಯಾಗಿ ಉಂಡಿರಲಿಲ್ಲ.

ಏಳು ಗಂಟೆಯ ಬಸ್ಸು ಹತ್ತಿದೆವು. ಅರವತ್ತು ಮೈಲಿಗೂ ಮಿಕ್ಕಿದ ದಾರಿ. ಸಾಬರು ಫ್ಲಾಸ್ಕನ್ನು ಮಡಿಲಲ್ಲಿಟ್ಟು ಒದ್ದೆ ಟವೆಲು ಹೊದಿಸಿದರು. ಪಕ್ಕದ ಅಜ್ಜಿ, "ಕಾಫಿಯಾ? ನಂಗೂ ಒಂದು ಗುಟುಕು ಕೊಡಪ್ಪ" ಎಂದರು.

"ಕುಡಿಯೋದಲ್ಲ ಅಮ್ಮಾ, ಔಷಧಿ" ಎಂದು ಸಾಬರು ಕಿಟಕಿಯತ್ತ ತಿರುಗಿದರು.

ಹುಣಸೂರಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ನಮಗೆ ತಣ್ಣಗಿನ ಇಡ್ಲಿ, ನೀರು ಚಟ್ನಿ. ಡ್ರೈವರನಿಗೆ ಬಿಸಿ ದೋಸೆ, ಮತ್ತೊಂದು ದೋಸೆ. ನನಗೆ ಅಲ್ಲಿಂದಲೇ ಸಿಟ್ಟು ಏರತೊಡಗಿತು.

ತಿತಿಮತಿಗೆ ಮುಂಚೆ ಕಾಡಿನ ದಾರಿಯಲ್ಲಿ ಫಾರೆಸ್ಟಿನವರ ಒಂದು ಗೇಟು. ಬಸ್ಸು ಹತ್ತಿದ ಗಾರ್ಡು ಫ್ಲಾಸ್ಕ್ ಕಂಡು ನಮ್ಮಿಬ್ಬರನ್ನೂ ಇಳಿಸಿದ. "ಕಳ್ಳಭಟ್ಟಿಯಾ?"

ಡಾಕ್ಟರ ಇಂಗ್ಲಿಷ್ ಕಾಗದ ಕೊಟ್ಟೆ. ಓದದೆ ಮಡಿಸಿ ನನಗೇ ಕೊಟ್ಟ. ಮುಚ್ಚಳ ತಿರುಗಿಸಿ, ಕೊಳವೆ ಎತ್ತಿ, ಬಿಸಿಲಿಗೆ ಹಿಡಿದು ನೋಡಿದ.

ನನಗೆ ಮೈಯೆಲ್ಲ ಉರಿಯಿತು. "ಕುದುರೆ ಬೀಜ ಅದು! ಒಳಗಿಡು!"

"ಓಹೋ, ನಿಮ್ಮ ಎಸ್ಟೇಟಲ್ಲಿ ಕುದುರೆ ಬಿತ್ತಿ ಬೆಳೀತಾರಾ?"

"ದೊಡ್ಡವರ ಹತ್ರ ಹೀಗಾ ಮಾತಾಡೂದು? ಯಾವ ಮನೆಯಂವ ನೀ?"

ನಮ್ಮ ಕಡೆ ಜಗಳ ಇಷ್ಟಕ್ಕೆ ಬಂದರೆ ಮನೆ ಹೆಸರು ಕೇಳುವುದು ರೂಢಿ.

"ಸಂಪಾಜೆ ಮೇಲಿನಗದ್ದೆ ಮನೆ. ಏನೀಗ?"

"ಮೇಲಿನಗದ್ದೆಯಾ? ನಮ್ಮ ಸಣ್ಣತ್ತೆಯನ್ನ ಕೊಟ್ಟದ್ದು ಅಲ್ಲಿಗೇ ಅಲ್ವಾ ಮಾರಾಯ!"

"ಅಯ್ಯೋ, ಅವ್ರು ನಮ್ಮ ಅಜ್ಜಿ! ಹಂಗಾದ್ರೆ ನೀವು ನಂಗೆ ಮಾವ!"

ಅತ್ತೆಯ ಮೊಣಕಾಲು ನೋವು ಕೇಳಿದೆ. ಕೆಳಗಿನ ಗದ್ದೆ ಯಾರ ಪಾಲಿಗೆ ಹೋಯಿತು ಎಂದು ಕೇಳಿದೆ. ತನ್ನ ತಂಗಿಯ ಮದುವೆಗೆ ಯಾಕೆ ಬರಲಿಲ್ಲ ಎಂದು ಅವನು ಕೇಳಿದ. ಕಾರಣ ಹೇಳುತ್ತಿದ್ದೆ.

"ರೈಟರ್ ಸಾಬ್! ಅತ್ತೆ ಆಮೇಲೆ! ಶೀಶಾ ನೋಡಿ, ಶೀಶಾ!" ಸಾಬರು ಕಿರುಚಿದರು.

ಕೊಳವೆ ಇನ್ನೂ ಗಾರ್ಡಿನ ಕೈಯಲ್ಲಿತ್ತು. ಮಾತಿನ ಭರದಲ್ಲಿ ಅದನ್ನು ಬಿಸಿಲಲ್ಲಿ ಆಡಿಸುತ್ತಿದ್ದ. ಸಾಬರು ಕಸಿದು ಫ್ಲಾಸ್ಕಿಗೆ ಇಳಿಸಿದರು. ಐಸು ಮುಕ್ಕಾಲು ನೀರಾಗಿತ್ತು.

ಬಸ್ಸಿನಲ್ಲಿ ನಾನು ಗಾರ್ಡನ್ನು ಬೈದೆ, ಗೇಟನ್ನು ಬೈದೆ, ಸರಕಾರವನ್ನು ಬೈದೆ. ಸಾಬರು ನನ್ನ ಮುಖ ನೋಡಲಿಲ್ಲ. "ಅವನಿಗೆ ಗೊತ್ತಿರಲಿಲ್ಲ ಸಾಬ್, ನಿಮಗೆ ಗೊತ್ತಿತ್ತು" ಎಂದರು, ಅಷ್ಟೇ. ಗೋಣಿಕೊಪ್ಪ ದಾಟುವಾಗ ಬೈಸಿಕೊಳ್ಳಲು ನಾನೊಬ್ಬನೇ ಉಳಿದಿದ್ದೆ.

ಎಸ್ಟೇಟಿನಲ್ಲಿ ಕಾದಿದ್ದ ದನದ ಡಾಕ್ಟರು ಒಂದು ತೊಟ್ಟು ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಅಲ್ಲೊಂದು ಇಲ್ಲೊಂದು ಅಲ್ಲಾಡ್ತಾ ಉಂಟು. ಹಾಕಿ ನೋಡುವ" ಎಂದರು. ಸಾಬರು ಚಾಂದನಿಯ ಕತ್ತು ತಬ್ಬಿ ನಿಂತರು.

ಮೂರು ವಾರಕ್ಕೆ ಚಾಂದನಿ ಮತ್ತೆ ಬೆದೆಗೆ ಬಂತು; ಗಬ್ಬ ಕಟ್ಟಿರಲಿಲ್ಲ. ಆ ತಿಂಗಳೇ ಮೈಸೂರಿನ ಜಟಕಾದವನೊಬ್ಬ ಬಂದು ಕೊಂಡ. ತಿತಿಮತಿವರೆಗೆ ನಡೆಸಿಕೊಂಡು ಹೋಗಿ ಬಿಟ್ಟು ಬರುತ್ತೇನೆಂದು ಹಗ್ಗ ಹಿಡಿದು ಹೊರಟ ಸಾಬರು ವಾಪಸು ಬರಲಿಲ್ಲ.