ಗೇಟಿನೆದುರಿನ ನಿಲ್ದಾಣ

ಹೊಲಿಗೆ ಕಾರ್ಖಾನೆಯ ಕೆಲಸಕ್ಕೆ ನನ್ನನ್ನು ಕಳಿಸಲು ನಮ್ಮತ್ತೆ ಒಪ್ಪಿದ್ದು ಒಂದೇ ಒಂದು ಕಾರಣಕ್ಕೆ. ಕೆ.ಆರ್. ನಗರದಲ್ಲಿ ರೈಲು ಹತ್ತಿದರೆ ಕಾರ್ಖಾನೆಯ ಗೇಟಿನೆದುರೇ ಇಳಿಯಬಹುದಿತ್ತು. ನಡುವೆ ಬಸ್‌ಸ್ಟ್ಯಾಂಡಿಲ್ಲ, ಅಂಗಡಿ ಬೀದಿಯಿಲ್ಲ, ಸೊಸೆ ದಾರಿ ತಪ್ಪಲು ಜಾಗವೇ ಇಲ್ಲ. ಅತ್ತೆಯ ಲೆಕ್ಕಾಚಾರ ಅದು. ನನಗೋ, ಆ ಅರ್ಧ ಗಂಟೆಯ ಕಿಟಕಿ ಸೀಟೇ ಸ್ವರ್ಗ.

ನಿಲ್ದಾಣ ಅಂದರೆ ಒಂದು ಸಿಮೆಂಟಿನ ಕಟ್ಟೆ, ಒಂದು ಹೊಂಗೆಮರ, ಗೂಡಿನಂಥ ಒಂದು ಕೋಣೆ. ಸ್ಟೇಷನ್ ಮಾಸ್ಟರ್ ಇರಲಿಲ್ಲ. ಟಿಕೆಟ್ ಮಾರಿದಷ್ಟಕ್ಕೆ ಕಮಿಷನ್ ಪಡೆಯುವ, ಪಕ್ಕದ ಹಳ್ಳಿಯ ಯಜಮಾನರೊಬ್ಬರು ಕಿಟಕಿಯ ಹಿಂದೆ ಕೂರುತ್ತಿದ್ದರು. ನಾವು ಹೆಂಗಸರೆಲ್ಲ ಬಹಳ ಬುದ್ಧಿವಂತರು. ತಿಂಗಳ ಪಾಸನ್ನು ಕೆ.ಆರ್. ನಗರದಲ್ಲೇ ಮಾಡಿಸಿಕೊಂಡು ಅವರ ಮುಂದೆ ಬೀಗುತ್ತಾ ಹೋಗುತ್ತಿದ್ದೆವು.

“ವಾರಕ್ಕೊಂದ್ಸಲನಾದ್ರೂ ನನ್ ತಾವ ಟಿಕೀಟು ತಗಳ್ರವ್ವ. ಇಲ್ಲಿ ಎಷ್ಟು ಟಿಕೀಟು ಹೋಯ್ತು ಅಂತ ಅಷ್ಟೇ ರೈಲ್ವೆಯೋರು ನೋಡದು. ಇಂಗೇ ಆದ್ರೆ ಟೇಸನ್ನೇ ಮುಚ್ಚಾಕ್ತಾರೆ ಕಣ್ರವ್ವ,” ಎಂದು ಅವರು ಗೋಗರೆಯುತ್ತಿದ್ದರು.

“ಪಾಸ್ ಇಟ್ಕಂಡು ಟಿಕೀಟು ತಗಳಕೆ ನಮ್ಗೇನ್ ತಲೆ ಕೆಟ್ಟೈತಾ?” ಎಂದವಳು ನಾನೇ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು, ಪಾಪ.

ಒಂದು ಸೋಮವಾರ ಕಿಟಕಿಗೆ ನೋಟಿಸು ಅಂಟಿಸಿದ್ದರು: ಟಿಕೆಟ್ ಮಾರಾಟ ಸಾಲದು, ಮುಂದಿನ ತಿಂಗಳಿನಿಂದ ಇಲ್ಲಿ ರೈಲು ನಿಲ್ಲುವುದಿಲ್ಲ. ಉಳಿದ ದಿನಗಳಲ್ಲಿ ನಾವು, ಪಾಸು ಚೀಲದಲ್ಲಿದ್ದರೂ, ನಾಚಿಕೆ ಬಿಟ್ಟು ಸಾಲು ನಿಂತು ಟಿಕೆಟ್ ಕೊಂಡೆವು. ಯಜಮಾನರು ಚಿಲ್ಲರೆ ಎಣಿಸಿಕೊಂಡು ಕೊಟ್ಟರು. ಅದರಿಂದ ಏನೂ ಆಗಲಿಲ್ಲ.

ಮಿಕ್ಕವರು ಬಸ್ಸು, ಆಟೊ ಹಿಡಿದರು. ನಮ್ಮ ಮನೆಯಲ್ಲಿ ಅತ್ತೆ, “ರೈಲಿಲ್ಲ ಅಂದ್ಮೇಲೆ ಕೆಲ್ಸನೂ ಇಲ್ಲ ಬುಡು,” ಎಂದರು. ಗಂಡ ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಉಂಡರು. ಅವತ್ತಿನಿಂದ ಅಡುಗೆಮನೆ, ಹಿತ್ತಿಲು, ಮತ್ತೆ ಅಡುಗೆಮನೆ. ಅತ್ತೆಯ ಮೇಲಿನ ಸಿಟ್ಟಿಗಿಂತ ನನ್ನ ನಾಲಿಗೆಯ ಮೇಲಿನ ಸಿಟ್ಟೇ ಹೆಚ್ಚು.

ಮೊನ್ನೆ ಅತ್ತೆಯ ಕಣ್ಣು ತೋರಿಸಲು ಅದೇ ರೈಲಿನಲ್ಲಿ ಮೈಸೂರಿಗೆ ಹೊರಟೆವು. ಹೊಂಗೆಮರ ಕಂಡದ್ದೇ ತಡ, ಚೀಲ ಹೆಗಲಿಗೇರಿಸಿಕೊಂಡು ಬಾಗಿಲಿಗೆ ಹೋಗಿ ನಿಂತುಬಿಟ್ಟಿದ್ದೆ. ರೈಲು ವೇಗ ತಗ್ಗಿಸಲಿಲ್ಲ. ಕಟ್ಟೆಯ ಮೇಲೆ ಹುಲ್ಲು ಬೆಳೆದಿತ್ತು, ಟಿಕೆಟ್ ಕಿಟಕಿಗೆ ಇಟ್ಟಿಗೆ ಕಟ್ಟಿದ್ದರು. ಆಚೆ ಗೇಟಿನಲ್ಲಿ ಹೆಂಗಸರು ಮಾತಾಡುತ್ತಾ ಒಳಗೆ ಹೋಗುತ್ತಿದ್ದರು.

ಅತ್ತೆ ಸೀಟಿನಿಂದಲೇ ಕೂಗಿದರು. “ಎಲ್ಗೆ ಎದ್ದೋದೆ? ನಿಂದೇನೈತೆ ಅಲ್ಲಿ? ಬಾ, ಕೂತ್ಕೊ.”

ಹೋಗಿ ಕೂತೆ. ಕಿಟಕಿಯ ಪಕ್ಕದಲ್ಲಿ ಅತ್ತೆ ಕೂತಿದ್ದರು.