ಹಿಂದಿನ ಸೀಟಿನ ಅಪ್ಪ

ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಬೈಕುಗಳನ್ನು ಕದ್ದು ನೋಡುವ ಚಾಳಿ ನನಗೆ ಐವತ್ತರ ಆಸುಪಾಸಿನಲ್ಲಿ ಅಂಟಿಕೊಂಡಿತು. ಈ ವಯಸ್ಸಿಗೆ ಬೇರೆಯವರು ರಕ್ತದ ಸಕ್ಕರೆಯನ್ನೋ ಮಗಳ ಪರೀಕ್ಷೆಯನ್ನೋ ಚಿಂತಿಸುತ್ತಿರುತ್ತಾರೆ. ನಾನು ಕಾಲೇಜು ಹುಡುಗರ ಬೈಕಿನ ಉಬ್ಬಿದ ಟ್ಯಾಂಕನ್ನೂ ಅಗಲವಾದ ಹಿಂದಿನ ಟಯರನ್ನೂ ನೋಡುತ್ತಾ ನಿಂತು, ಹಸಿರು ದೀಪ ಬಿದ್ದದ್ದೇ ತಿಳಿಯದೆ, ಸಿಟಿ ಬಸ್ಸಿನವನಿಂದ ಹಾರ್ನು ಹೊಡೆಸಿಕೊಳ್ಳುತ್ತೇನೆ. ಹೈಸ್ಕೂಲಿನ ಕನ್ನಡ ಮಾಷ್ಟ್ರಿಗೆ ಇದು ಶೋಭೆಯಲ್ಲ ಎಂದು ಹೆಂಡತಿ ಸುಮನಾ ಹೇಳುತ್ತಾಳೆ. ಒಪ್ಪುತ್ತೇನೆ. ಆದರೆ ನನ್ನ ಬೈಕನ್ನು ನೋಡಿದ್ದರೆ ನೀವಾದರೂ ಸ್ವಲ್ಪ ಕರುಣೆ ತೋರಿಸುತ್ತಿದ್ದಿರಿ.

ಅದು ನಮ್ಮ ಮಗಳಿಗಿಂತ ಹಿರಿಯದು. ಕೊಂಡಾಗ ಕಡು ಕೆಂಪಾಗಿದ್ದ ಟ್ಯಾಂಕು ಕಡಲ ಗಾಳಿಗೂ ಬಿಸಿಲಿಗೂ ಸಿಕ್ಕಿ ಈಗ ನೀರು ಹೆಚ್ಚಾದ ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ಬಂದಿದೆ. ಬಟನ್ ಒತ್ತಿ ಚಾಲು ಮಾಡುವ ಭಾಗ್ಯ ಯಾವಾಗಲೋ ಹೋಯಿತು, ಒದ್ದೇ ಎಬ್ಬಿಸಬೇಕು. ಒದ್ದು, ಕಿವಿಗೊಟ್ಟು, ಸ್ವಲ್ಪ ಕಾದು, ಮತ್ತೆ ಒದೆಯುವ ಈ ಕ್ರಿಯೆಗೆ ಅಪ್ಪ ಇಟ್ಟ ಹೆಸರು ‘ಆವಾಹನೆ’. ಪೂಜೆಯ ಮೊದಲಿಗೆ ದೇವರನ್ನು ಬಾ ಎಂದು ಕರೆಯುವುದು ಆವಾಹನೆ. ಆ ಶಬ್ದದ ಹೊಟ್ಟೆಯಲ್ಲೇ ಒಂದು ವಾಹನ ಇರುವುದನ್ನು ಇಷ್ಟು ವರ್ಷ ವ್ಯಾಕರಣ ಕಲಿಸಿದ ನಾನು ಗಮನಿಸಿರಲಿಲ್ಲ. ಎರಡರಲ್ಲೂ ನಾವು ಕರೆಯಬಹುದು ಅಷ್ಟೆ, ಬರುವುದು ಬಿಡುವುದು ಅವರ ಇಷ್ಟ.

ಅಪ್ಪ ಅರ್ಚಕರು. ನಂತೂರಿನ ಹೆದ್ದಾರಿ ದಾಟಿದ ಮೇಲೆ ಸಿಗುವ ಸಣ್ಣದೊಂದು ದುರ್ಗೆಯ ಗುಡಿಯಲ್ಲಿ, ಅಜ್ಜನ ನಂತರ, ಅವರದೇ ಪೂಜೆ. ನಮ್ಮ ಮನೆ ಕದ್ರಿಯಲ್ಲಿ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಅವರನ್ನು ಗುಡಿಗೆ ಬಿಡುವುದು ನನ್ನ ಕೆಲಸ. ಅವರು ಕಚ್ಚೆ ಪಂಚೆ ಉಟ್ಟು, ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು, ಎರಡೂ ಕಾಲುಗಳನ್ನು ಎಡಗಡೆ ಇಳಿಬಿಟ್ಟು, ಜಗಲಿಯಲ್ಲಿ ಕುಳಿತ ಹಾಗೆ ಕೂರುತ್ತಾರೆ. ಒಂದು ಕೈ ನನ್ನ ಹೆಗಲ ಮೇಲೆ. ಇನ್ನೊಂದು ಕೈ ಬುಟ್ಟಿ ಹಿಡಿಯುವುದಕ್ಕೂ ದಾರಿಯಲ್ಲಿ ಸಿಕ್ಕವರಿಗೆ ಎತ್ತುವುದಕ್ಕೂ ಬೇಕು.

ಕಳೆದ ಮಳೆಗಾಲದ ಶುರುವಿಗೆ, ಒದ್ದೆಯಾದ ಇಳಿಜಾರಿನ ಒಂದು ಹಂಪಿನಲ್ಲಿ ಅಪ್ಪ ಜಾರಿ ಇಳಿದುಬಿಟ್ಟರು. ನನಗೆ ಗೊತ್ತೇ ಆಗಲಿಲ್ಲ. ಮಕ್ಕಳು ಅಲ್ಪಪ್ರಾಣ ಮಹಾಪ್ರಾಣ ಅದಲುಬದಲು ಮಾಡಿ ಬರೆಯುವುದರ ಬಗ್ಗೆ ಅವರಿಗೆ ದೂರು ಹೇಳುತ್ತಾ ಹೋಗುತ್ತಲೇ ಇದ್ದೆ. ಒಬ್ಬ ರಿಕ್ಷಾದವರು ಪಕ್ಕಕ್ಕೆ ಬಂದು, “ಮಾಷ್ಟ್ರೇ, ನಿಮ್ಮ ಅಪ್ಪ ಹಿಂದೆ ಕೂತಿದ್ದಾರೆ” ಎಂದರು.

“ಗೊತ್ತುಂಟು” ಎಂದೆ.

“ಬೈಕಿನಲ್ಲಿ ಅಲ್ಲ, ರೋಡಿನಲ್ಲಿ.”

ತಿರುಗಿ ಹೋಗಿ ನೋಡಿದರೆ ಅವರು ನಿಜಕ್ಕೂ ಕುಳಿತೇ ಇದ್ದರು, ಅದೇ ಭಂಗಿಯಲ್ಲಿ, ರಸ್ತೆಯ ಅಂಚಿನಲ್ಲಿ. ಮೊಣಕೈ ತರಚಿತ್ತು. ಸುತ್ತಲೂ ದಾಸವಾಳ ಚೆಲ್ಲಿತ್ತು. ನೆಲಕ್ಕೆ ಬಿದ್ದ ಹೂ ದೇವಿಗೆ ಆಗದು ಎಂದು ಒಂದನ್ನೂ ಹೆಕ್ಕದೆ, ಖಾಲಿ ಬುಟ್ಟಿ ಹಿಡಿದು ಎದ್ದರು. ಅವರ ಹೆಗಲು ಮುಟ್ಟಿದಾಗ, ಮೂಳೆಗೂ ನನ್ನ ಬೆರಳಿಗೂ ನಡುವೆ ಏನೂ ಇಲ್ಲವೆನ್ನಿಸಿ ಹೆದರಿದೆ.

ಅಂದು ಸುಮನಾ ಖಡಾಖಂಡಿತವಾಗಿ ಹೇಳಿದಳು, ಇನ್ನು ಮಾವ ಬೈಕು ಹತ್ತುವುದು ಬೇಡ, ರಿಕ್ಷಾ ಗೊತ್ತುಮಾಡುವ ಎಂದು. ಅಪ್ಪ ಊಟ ಮುಗಿಸಿ ಕೈ ತೊಳೆದು ಬಂದು, “ರಿಕ್ಷಾದಲ್ಲಿ ಹೋದರೆ ನನಗೆ ವಯಸ್ಸಾಯ್ತು ಅಂತ ದೇವರಿಗೆ ಗೊತ್ತಾಗ್ತದೆ” ಎಂದರು. ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ತಿಳಿಯಲಿಲ್ಲ. ಗುಡಿಗೆ ಬೇರೆ ಅರ್ಚಕರನ್ನು ನೋಡುವ ಮಾತು ಆಡಳಿತದವರ ಬಾಯಲ್ಲಿ ಆಗಲೇ ಒಮ್ಮೆ ಬಂದು ಹೋಗಿತ್ತು ಎಂಬುದು ನಮಗೆಲ್ಲ ಗೊತ್ತಿದ್ದದ್ದರಿಂದ ಯಾರೂ ನಗಲಿಲ್ಲ.

ಇಲ್ಲಿ ನನ್ನ ಕಳ್ಳಬುದ್ಧಿ ಕೆಲಸ ಮಾಡಿತು. ಹಳೆಯ ಬೈಕು ಅಪಾಯ, ಅಪ್ಪನ ಸುರಕ್ಷತೆಗೆ ಹೊಸದು ಬೇಕೇ ಬೇಕು ಎಂದು ವಾದ ಹೂಡಿದೆ. ಹಾಗಾದರೆ ತಗ್ಗಿನ ಒಂದು ಸ್ಕೂಟರು ತನ್ನಿ ಎಂದಳು ಸುಮನಾ. ಕೇಳಿಸದವನ ಹಾಗೆ ಇದ್ದೆ.

ಶೋರೂಮಿಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ನಾನು ಸಿಗ್ನಲ್ಲಿನಲ್ಲಿ ಕದ್ದು ನೋಡುತ್ತಿದ್ದ ಬೈಕೇ ಅಲ್ಲಿ ದೀಪದ ಕೆಳಗೆ ಅಲಂಕಾರವಾಗಿ ನಿಂತಿತ್ತು. ಅಲ್ಲಿಯ ಯುವಕ ಅದರ ಗುಣಗಾನವನ್ನು ಸಹಸ್ರನಾಮದಂತೆ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಅಪ್ಪ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದರು, ಆಮೇಲೆ ಹಿಂಬದಿಗೆ ಹೋದರು. ಮುಂದಿನ ಸೀಟು ಸೋಫಾದಂತೆ ವಿಶಾಲವಾಗಿದ್ದರೆ ಹಿಂದಿನದು ಪೂಜೆಯ ಮಣೆಯಷ್ಟು ಪುಟ್ಟದು, ನಮ್ಮ ಸೊಂಟದಷ್ಟು ಎತ್ತರ, ಮೇಲಾಗಿ ಮುಂದಕ್ಕೆ ಇಳಿಜಾರು. ಹಿಂದೆ ಕೂತವರು ಜಾರಿ ಬಂದು ಮುಂದಿನವರ ಬೆನ್ನಿಗೆ ಅಂಟಿಕೊಳ್ಳಲಿ ಎಂಬ ಸದುದ್ದೇಶದಿಂದಲೇ ಅದನ್ನು ಮಾಡಿರಬೇಕು. ಆ ಯೋಜನೆಯಲ್ಲಿ ಎಂಬತ್ತರ ಹತ್ತಿರದ ಅರ್ಚಕರು ಇರಲಿಲ್ಲ.

“ಇದರಲ್ಲಿ ಹಿಂದೆ ಕೂರುವವರು ಉಂಟಾ?” ಎಂದು ಅಪ್ಪ ಕೇಳಿದರು.

ಹೆಚ್ಚಾಗಿ ಒಬ್ಬರೇ ಓಡಿಸುವ ಗಾಡಿ ಇದು ಎಂದು ಯುವಕ ಪ್ರಾಮಾಣಿಕವಾಗಿ ಹೇಳಿದ. ಅಪ್ಪ ತಲೆಯಾಡಿಸಿ, ಒಳ್ಳೆಯ ಗಾಡಿ ಎಂದು ಮೆಚ್ಚಿ, ಹೊರಗೆ ಹಾಕಿದ್ದ ಕುರ್ಚಿಯಲ್ಲಿ ಹೋಗಿ ಕುಳಿತರು. ನಾನು ಹತ್ತಿ ಕುಳಿತೆ. ಎದುರಿನ ಗಾಜಿನಲ್ಲಿ ಟ್ಯಾಂಕಿನ ಉಬ್ಬೂ ನನ್ನ ಹೊಟ್ಟೆಯ ಉಬ್ಬೂ ಒಂದನ್ನೊಂದು ಮಾತಾಡಿಸುತ್ತಿದ್ದವು. ಆದರೂ ನನಗೆ ಅದು ಬೇಕಿತ್ತು. ಇಳಿಯುವಾಗ ಟ್ಯಾಂಕನ್ನು ಇನ್ನೊಮ್ಮೆ ಸವರಿದೆ.

ಬಂದರಿನಲ್ಲಿ ಅಶ್ರಫ್‌ನ ಅಂಗಡಿ ಉಂಟು, ಬೈಕುಗಳಿಗೆ ಬೇಕಾದ ಸೀಟು, ಹ್ಯಾಂಡಲು, ಹೆಲ್ಮೆಟ್ಟುಗಳ ಅಂಗಡಿ. ಅಶ್ರಫ್ ನನ್ನ ಶಾಲೆಯ ಸಹಪಾಠಿ, ಮನೆ ಹೊಳೆಯಾಚೆಯ ಬೆಂಗ್ರೆಯಲ್ಲಿ. ಕೆಲವು ವರ್ಷ ಗಲ್ಫಿನಲ್ಲಿ ದುಡಿದು ಬಂದು ಈ ವ್ಯಾಪಾರ ಶುರುಮಾಡಿದವನು. ಅವನ ಹತ್ತಿರ ಹೊಸ ಬೈಕಿನ ವರ್ಣನೆಯನ್ನು ಷಟ್ಪದಿಗೆ ಕಡಿಮೆಯಿಲ್ಲದಂತೆ ಮಾಡಿದೆ. ಅವನು ಚಾ ಕುಡಿದು ಮುಗಿಸಿ, “ಗಾಡಿ ನಿನಗಾ, ಭಟ್ರಿಗಾ? ಅದು ಮೊದಲು ಹೇಳು ಮಾರಾಯ” ಎಂದ. ನನಗಾದರೆ ಶೋರೂಮಿಗೆ ಹೋಗಬೇಕು, ಅಪ್ಪನಿಗಾದರೆ ಹಳೆಯದನ್ನೇ ಅವನ ಅಂಗಡಿಯಲ್ಲಿ ಬಿಟ್ಟು ಹೋಗಬೇಕು. ಎಂಜಿನಿಗೆ, ಸೈಲೆನ್ಸರಿಗೆ ಕೈ ಹಾಕುವುದಿಲ್ಲ, ಸೀಟನ್ನು ತಗ್ಗಿಸಿ ಹಿಂದೆ ಒರಗು ಕೂರಿಸಿಕೊಡುತ್ತೇನೆ ಎಂದ. ಒಂದೇ ಶರತ್ತು: ಭಟ್ರು ಎರಡೂ ಕಡೆ ಕಾಲು ಹಾಕಿ ಕೂರಬೇಕು. ಒಂದೇ ಕಡೆ ಕೂರುವವರು ಎಂಥ ಸೀಟು ಮಾಡಿಕೊಟ್ಟರೂ ಇನ್ನೊಮ್ಮೆ ಬೀಳುತ್ತಾರೆ, ಆ ಪಾಪ ತನಗೆ ಬೇಡ ಎಂದ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಆಗುವುದಿಲ್ಲ ಎಂದರು. ಕಚ್ಚೆ ಉಡುವವರಿಗೆ ಅದೇನು ಕಷ್ಟ ಎಂದರೂ ಅದೇ ಮಾತು. ನಾನೂ ಹಟ ಹಿಡಿದೆ, ಹಾಗೆ ಕೂರದಿದ್ದರೆ ಕರೆದುಕೊಂಡು ಹೋಗುವುದೇ ಇಲ್ಲ ಎಂದುಬಿಟ್ಟೆ. ಎಂದೂ ಅವರೆದುರು ಆ ಸ್ವರದಲ್ಲಿ ಮಾತಾಡಿದವನಲ್ಲ. ಅವರು ಒಳಗೆ ಹೋಗಿ ಮಲಗಿದರು.

ಮರುದಿನ ಎದ್ದು ನೋಡಿದರೆ ಅಪ್ಪನೂ ಇಲ್ಲ, ಹೂವಿನ ಬುಟ್ಟಿಯೂ ಇಲ್ಲ. ಬೈಕು ಅಂದು ಒಂದೇ ಒದೆತಕ್ಕೆ ಎದ್ದಿತು, ಅದಕ್ಕೂ ಗೊತ್ತಾಗಿರಬೇಕು. ದಾರಿಯುದ್ದಕ್ಕೂ ಎರಡೂ ಬದಿ ನೋಡುತ್ತಾ ಹೋದೆ. ನಂತೂರಿನಲ್ಲಿ ಕಂಡರು. ಹೆದ್ದಾರಿಯ ಅಂಚಿನಲ್ಲಿ ಬುಟ್ಟಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು. ಎದುರಿನಲ್ಲಿ ಟ್ಯಾಂಕರುಗಳು, ಲಾರಿಗಳು, ಎಕ್ಸ್‌ಪ್ರೆಸ್ ಬಸ್ಸುಗಳು. ಒಂದು ಹೆಜ್ಜೆ ಮುಂದಿಡುತ್ತಿದ್ದರು, ಮತ್ತೆ ಹಿಂದಕ್ಕೆ ಬರುತ್ತಿದ್ದರು. ಎಷ್ಟು ಹೊತ್ತಿನಿಂದ ಹಾಗಿದ್ದರೋ, ಕೆಸರು ಸಿಡಿದು ಬಿಳಿ ಪಂಚೆಯ ಅಂಚು ಕೆಂಪಾಗಿತ್ತು.

ಬೈಕು ನಿಲ್ಲಿಸಿ ಪಕ್ಕದಲ್ಲಿ ನಿಂತೆ. ಅವರು ನನ್ನ ಕಡೆ ನೋಡದೆ ಹೇಳಿದರು: “ಒಂದು ಕಡೆ ಕೂತರೆ ಊರು ಕಾಣ್ತದೆ ಮಗಾ. ನಾಲ್ಕು ಜನ ಕಾಣ್ತಾರೆ, ಕೈ ಎತ್ತುತ್ತಾರೆ. ನೀನು ಹೇಳಿದ ಹಾಗೆ ಕೂತರೆ ನನಗೆ ನಿನ್ನ ಬೆನ್ನು ಮಾತ್ರ ಕಾಣುವುದು.”

ಗುಡಿ ಮತ್ತು ಮನೆ, ಇವೆರಡರ ನಡುವಿನ ಆ ಸ್ವಲ್ಪ ದಾರಿಯೇ ಅವರ ಪ್ರಪಂಚ ಎಂದು ನನಗೆ ಹೊಳೆದೇ ಇರಲಿಲ್ಲ. ಸುರಕ್ಷತೆ, ಅಗಲ, ಎತ್ತರ ಎಂದೆಲ್ಲ ಲೆಕ್ಕ ಹಾಕಿದವನು, ಅಲ್ಲಿ ಕೂತು ಅವರು ಏನು ನೋಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. “ನಿಧಾನ ಹೋಗ್ತೇನೆ ಅಪ್ಪ,” ಎಂದೆ. “ಕುತ್ತಿಗೆ ತಿರುಗಿಸಿ ನೋಡುವಷ್ಟು ನಿಧಾನ. ಬೇಕಾದವರು ಸಿಕ್ಕಿದರೆ ಹೆಗಲು ತಟ್ಟಿ, ನಿಲ್ಲಿಸ್ತೇನೆ.”

ನಾನು ಬೈಕು ಹತ್ತಿ ಕುಳಿತೆ. ಅವರು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಗಲು ಹಿಡಿದು, ಬಲಗಾಲನ್ನು ಕಷ್ಟಪಟ್ಟು ಆಚೆ ಹಾಕಿದರು. ನಾವು ಹಾಗೆಯೇ ಹೆದ್ದಾರಿ ದಾಟಿದೆವು.

ಅಶ್ರಫ್ ಹೇಳಿದ್ದಕ್ಕಿಂತ ಹೆಚ್ಚೇ ಮಾಡಿಕೊಟ್ಟ. ಸೀಟು ತಗ್ಗಿತು, ಅಗಲವಾಯಿತು. ಬೆನ್ನಿಗೆ ಮೆತ್ತನೆಯ ಒರಗು ಬಂತು, ಪಾದ ಇಡುವಲ್ಲಿ ಅಗಲದ ತಗಡು, ಪಕ್ಕದಲ್ಲಿ ಹೂವಿನ ಬುಟ್ಟಿಗೊಂದು ಕೊಕ್ಕೆ. ಹೆಲ್ಮೆಟ್ ದೊಡ್ಡ ಸಮಸ್ಯೆಯಾಯಿತು, ಯಾಕೆಂದರೆ ಅಪ್ಪನಿಗೆ ಜುಟ್ಟು ಉಂಟು. ಅಶ್ರಫ್ ಅಂಗಡಿಯ ಹೆಲ್ಮೆಟ್ಟುಗಳನ್ನೆಲ್ಲ ಒಂದೊಂದಾಗಿ ಅವರ ತಲೆಗಿಟ್ಟು ನೋಡಿ, ಕೊನೆಗೆ ಹಿಂಭಾಗದಲ್ಲಿ ಜುಟ್ಟಿಗೆ ಜಾಗವಿರುವ ಒಂದನ್ನು ಹುಡುಕಿದ. ಹೊರಗಿನ ವಸ್ತುವಾದರೂ ತೊಳೆದು ಬಿಸಿಲಿಗಿಟ್ಟರೆ ಆದೀತು ಎಂದು ಅಪ್ಪನೇ ಶಾಸ್ತ್ರ ಹೇಳಿದರು. ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು, ಕಿರೀಟ ಸರಿಮಾಡುವ ಯಕ್ಷಗಾನದ ರಾಜನಂತೆ, ಅದನ್ನು ಸ್ವಲ್ಪ ಎಡಕ್ಕೆ ವಾಲಿಸಿಕೊಂಡರು.

ಈಗ ನಾವು ನಿಧಾನವಾಗಿ ಹೋಗುತ್ತೇವೆ. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋಗುತ್ತಾರೆ. ನಾನು ನೆನೆಸದಿದ್ದ ಒಂದು ಸಂಗತಿಯೆಂದರೆ, ಮುಂದಕ್ಕೆ ಮುಖಮಾಡಿ ಕೂತ ಮೇಲೆ ಅಪ್ಪನ ಬಾಯಿ ನೇರ ನನ್ನ ಕಿವಿಯ ಹತ್ತಿರಕ್ಕೆ ಬಂತು. ಹಿಂದೆಲ್ಲ ಮಾತಾಡುತ್ತಿದ್ದವನು ನಾನು, ಈಗ ಅವರು. ಅಜ್ಜ ಬಾವಿಗೆ ಬಿದ್ದ ಬೆಕ್ಕನ್ನು ಎತ್ತಿದ ಕಥೆ, ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಇಷ್ಟು ದೊಡ್ಡ ಊರು ಬೇಡವೆಂದು ಅತ್ತ ಕಥೆ. ಒಂದು ದಿನ ಇದ್ದಕ್ಕಿದ್ದ ಹಾಗೆ, ನಾನು ಹೆಲ್ಮೆಟ್ ತೆಗೆಯುವಾಗ, “ನಿನ್ನ ತಲೆ ಹಿಂದೆ ಪೂರಾ ಬಿಳಿ ಆಗಿದೆ. ಮುಂದಿನಿಂದ ಗೊತ್ತೇ ಆಗುವುದಿಲ್ಲ” ಎಂದರು. ಅಂದು ಗುಡಿಯ ಪ್ರಸಾದದಲ್ಲಿ ನನ್ನ ಪಾಲು ದೊಡ್ಡದಿತ್ತು.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ, ಮಧ್ಯಾಹ್ನದ ಪೂಜೆ ಮುಗಿಸಿ ಮನೆಗೆ ಬಂದು ಊಟ ಮಾಡಿ, ಅಶ್ರಫ್‌ನ ಊರಿಗೆ ಹೋಗಲಿಕ್ಕೆ ಆಗ್ತದಾ ಎಂದು ಅಪ್ಪ ಕೇಳಿದರು. ಆಶ್ಚರ್ಯವಾಯಿತು. ಯಾವ ಕೆಲಸ ಮಾಡುವಾಗಲೂ ಮೊದಲು ಸಂಕಲ್ಪ ಮಾಡುವವರು ಅವರು: ಯಾವ ಜಾಗ, ಯಾವ ಕಾಲ, ಯಾವ ಉದ್ದೇಶಕ್ಕೆ ಎಂದು ದೇವರಿಗೆ ಬಿಡಿಸಿ ಹೇಳದೆ ಒಂದು ಹೂವನ್ನೂ ಏರಿಸಿದವರಲ್ಲ. ಎಂತಕ್ಕೆ ಎಂದು ಕೇಳಿದೆ. “ಸುಮ್ಮನೆ” ಎಂದರು. ಈ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಬಂದರಿನಲ್ಲಿ ಬೈಕು ನಿಲ್ಲಿಸಿ ಫೆರಿ ಹತ್ತಿದೆವು. ನಾನು ಫೋನು ಮಾಡಿದ್ದರಿಂದ ಆಚೆ ದಡದಲ್ಲಿ ಅಶ್ರಫ್ ಕಾದಿದ್ದ. ಭಟ್ರು ಬರುತ್ತಾರೆಂದು ಎಳನೀರಿನ ಬೊಂಡ ಇಳಿಸಿ ಇಟ್ಟಿದ್ದ, ಅದಾದರೆ ಅವರು ಕುಡಿಯುತ್ತಾರೆ ಎಂದು ಅವನಿಗೆ ಗೊತ್ತು. ಬಲೆ ಒಣಗಿಸಿದ್ದ ಕಡೆ ಒಂದು ತೆಂಗಿನ ನೆರಳಲ್ಲಿ ಕುರ್ಚಿ ಹಾಕಿದ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಅಪ್ಪ ಬೊಂಡ ಕುಡಿದು, ಕುರ್ಚಿಯನ್ನು ತಾವೇ ಸ್ವಲ್ಪ ತಿರುಗಿಸಿಕೊಂಡು, ಬಲೆ ಹೆಣೆಯುತ್ತಿದ್ದವರ ಕೈಗಳನ್ನು ಬಹಳ ಹೊತ್ತು ನೋಡಿದರು. ಅವರಲ್ಲೊಬ್ಬರು ಯಾವ ಊರು, ಎಂತ ಕೆಲಸಕ್ಕೆ ಬಂದದ್ದು ಎಂದು ವಿಚಾರಿಸಿದರು. ಕೆಲಸ ಎಂತದ್ದೂ ಇಲ್ಲವೆಂದು ಅಪ್ಪ ಹೇಳಿದರು, ಹೇಳುವಾಗ ಅವರಿಗೆ ಖುಷಿಯಾದದ್ದು ಕಂಡಿತು.

ಫೆರಿ ದಡಕ್ಕೆ ಬಂತು. ಗುಡಿಯ ಸಂಜೆಯ ದೀಪಕ್ಕೆ ಹೊತ್ತಾದೀತೆಂದು ನಾನು ಎದ್ದು ಚಪ್ಪಲಿ ಮೆಟ್ಟಿದೆ. ಅಪ್ಪ ಏಳಲಿಲ್ಲ.

“ಅದು ಹೋಗಲಿ,” ಎಂದರು. “ಇನ್ನೊಂದು ಬರ್ತದಲ್ಲ, ಅದರಲ್ಲಿ ಹೋಗುವ.”