ಅನುಮಾನಪ್ಪನ ಹದಿನೈದನೆಯ ಫೋನು

ನನ್ನ ಪಕ್ಕದ ಮೇಜಿನವರಿಗೆ ಆಫೀಸಿನಲ್ಲಿ ಅನುಮಾನಪ್ಪ ಎಂದೇ ಹೆಸರು. ವೆಬ್ ಪುಟಗಳಲ್ಲಿ ಚಿತ್ರ ಮೂಡಿಸುವುದು ಅವರ ಕೆಲಸ. ಎಲ್ಲ ಬ್ರೌಸರ್‌ಗಳಿಗೂ ಎಲ್ಲ ಬಗೆಯ ಚಿತ್ರ ಬಿಡಿಸಲು ಬರುವುದಿಲ್ಲ. ಅದಕ್ಕೇ ಪುಟ ಮೊದಲು 'ನಿನಗಿದು ಬರುತ್ತದೆಯೇ?' ಎಂದು ಬ್ರೌಸರನ್ನು ಕೇಳುತ್ತದೆ. ಇಲ್ಲವೆಂದರೆ ಸಾದಾ ಚಿತ್ರ ತೋರಿಸುತ್ತದೆ. "ಕೆಲವು ಬರುತ್ತೆ ಅಂತ ತಲೆಯಾಡಿಸಿ ಆಮೇಲೆ ಕೈಕೊಡ್ತವೆ" ಎಂಬುದು ಅನುಮಾನಪ್ಪನವರ ವಾದ. ಬಾಯಿಮಾತು ನಂಬದೆ ಮೊದಲು ಒಂದು ಚುಕ್ಕಿ ಇಡಿಸಿ, ಅದು ಮೂಡಿತೇ ಎಂದು ನೋಡಬೇಕಂತೆ. ಕಾಫಿಗೆ ಸಕ್ಕರೆ ಹಾಕಿದೆ ಎಂದರೂ ತಳ ಕದಡಿ ನೋಡುವ ಆಸಾಮಿ.

ಆಸ್ಪತ್ರೆಯೊಂದಕ್ಕೆ ವಾರ್ಡುಗಳ ದಾರಿ ತೋರಿಸುವ ನಕ್ಷೆ ಮಾಡಿದ್ದೆವು. ಚುಕ್ಕಿ ಪರೀಕ್ಷೆಗೆ ಮ್ಯಾನೇಜರ್ ಒಪ್ಪಲಿಲ್ಲ. "ಸುಳ್ಳು ಹೇಳೋ ಒಂದೇ ಒಂದು ಫೋನ್ ತೋರ್ಸಿ ಸಾರ್. ಸಂಜೆಯೊಳಗೆ ಸಿಗದಿದ್ರೆ ಇದ್ದ ಹಾಗೇ ಬಿಡುಗಡೆ."

ಅನುಮಾನಪ್ಪ ಡ್ರಾಯರಿನ ಹದಿನಾಲ್ಕು ಹಳೆಯ ಫೋನುಗಳನ್ನು ಚಾರ್ಜಿಗೆ ಹಾಕಿದರು. ಹಾಳಾದವು, ಹಟ ಹಿಡಿದಂತೆ ಹದಿನಾಲ್ಕೂ ನಕ್ಷೆ ತೋರಿಸಿದವು! "ರೋಗಿ ಕಡೆಯವರು ದಾರಿ ಕಾಣದೆ ಅಲೀತಾರಮ್ಮ" ಎಂದು ನನ್ನೆದುರು ಹಲುಬಿದರು. ನಾನು ನಗುತ್ತಿದ್ದೆನಾದರೂ ಒಳಗೊಳಗೇ ಪಾಪ ಎನಿಸುತ್ತಿತ್ತು.

ನಾಲ್ಕು ಗಂಟೆಗೆ ಅವರ ಹೆಂಡತಿ, ಇವರು ಮನೆಯಲ್ಲಿ ಮರೆತ ಕನ್ನಡಕ ಕೊಡಲು ಬಂದರು. ಇವರು ಕನ್ನಡಕ ಬಿಟ್ಟು ಆಕೆಯ ಫೋನನ್ನು ಕಿತ್ತುಕೊಂಡು ನಕ್ಷೆಯ ಪುಟ ತೆರೆದರು. ಸಾದಾ ಚಿತ್ರವೂ ಇಲ್ಲ, ಬರೀ ಕಪ್ಪು ಚೌಕ.

"ಸಿಕ್ತು!" ಎಂದು ಕುಣಿದೇಬಿಟ್ಟರು. ಮ್ಯಾನೇಜರ್ ಬಂದು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚುಕ್ಕಿಗೆ ಒಪ್ಪಿ ಹೋದರು.

"ಇದರಲ್ಲೇನು ವಿಶೇಷ? ನೀವು ಕಳಿಸೋ ಪುಟಗಳೆಲ್ಲ ಹೀಗೇ ತಾನೆ ಇರೋದು?" ಎಂದರು ಹೆಂಡತಿ.

"ಎಲ್ಲಾನೂ? ಮತ್ತೆ ನಾಲ್ಕು ವರ್ಷದಿಂದ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ಯಲ್ಲೇ?"

"ಇನ್ನೇನನ್ನಲಿ ರೀ? ಅಷ್ಟು ಆಸೆಯಿಂದ ಕೇಳ್ತೀರಿ. ನನಗೇ ಅರ್ಥ ಆಗ್ತಿಲ್ಲವೇನೋ ಅನ್ಕೊಂಡೆ."

ಅನುಮಾನಪ್ಪನವರ ಮುಖ ಇಷ್ಟೇ ಇಷ್ಟಾಯಿತು. ಯಾವ ಬ್ರೌಸರಿನ ಹೂಂಗುಟ್ಟುವಿಕೆಯನ್ನೂ ನಂಬದವರು ಮನೆಯಲ್ಲಿ ನಂಬಿಬಿಟ್ಟಿದ್ದರು. ನನಗೂ ನಗು ಬರಲಿಲ್ಲ.

ಹೆಂಡತಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ವರ್ಷದ ಕೆಲಸವನ್ನು ದೊಡ್ಡ ಪರದೆಯಲ್ಲಿ ಒಂದೊಂದಾಗಿ ತೆರೆದರು. ಆಕೆ ಪರದೆಯತ್ತ ಬಗ್ಗಿ ನೋಡುತ್ತ ಹೋದರು. ಐದನೆಯದಕ್ಕೆ ಮೂಗು ಮುರಿದರು.

"ಇದು ಚೆನ್ನಾಗಿಲ್ಲ ರೀ. ಬಣ್ಣ ಕಣ್ಣಿಗೆ ಹೊಡೆಯುತ್ತೆ."

"ಹೌದಾ? ಎಲ್ಲಿ, ತೋರ್ಸು ತೋರ್ಸು!" ಎಂದು ಅನುಮಾನಪ್ಪ ಮುಖವರಳಿಸಿಕೊಂಡು ಪಕ್ಕಕ್ಕೆ ಸ್ಟೂಲು ಎಳೆದುಕೊಂಡರು.